ನೈಲ್ ನದಿ ಮಲಗಿದ ದಿಕ್ಕು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನೈಲ್ ನದಿ ನನ್ನ ಮಾತು ಕೇಳುವುದಿಲ್ಲ ಎಂದಿತು. ಶಾಲೆಯ ಹೆಂಚಿನ ಮಾಡು ಬಿದ್ದದ್ದು ಹನ್ನೊಂದು ನಲವತ್ತಕ್ಕೆ. ಊರವರೆಲ್ಲ ಆ ನಲವತ್ತನ್ನೇ ಹೇಳುತ್ತಾರೆ. ನನ್ನ ತಲೆಯಲ್ಲಿ ಅದು ಇಪ್ಪತ್ತೈದರಿಂದಲೇ ಶುರುವಾಗುತ್ತದೆ.

ನಾನು ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ನ್ಯಾಮತಿ ಕಡೆಯ ಒಂದು ಹೈಸ್ಕೂಲಿಗೆ ಹೋಗಿ ಸಮಾಜ ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿ. ಅತಿಥಿ ಎಂಬ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಕೂರಲು ಕುರ್ಚಿಯನ್ನು ನಾನೇ ಹುಡುಕಿಕೊಳ್ಳುತ್ತೇನೆ. ಭೂಗೋಳದಲ್ಲಿ ಎಂ.ಎ. ಮಾಡಿರುವುದರಿಂದ ಆಫ್ರಿಕಾ ನನ್ನ ಪಾಲಿಗೆ ಬಂದಿತ್ತು.

ಗೋಡೆಗೆ ನೇತುಹಾಕಿದ ನಕ್ಷೆಯಿಂದ ನಮ್ಮ ಮಕ್ಕಳಿಗೆ ಒಂದು ತೊಂದರೆ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ ಎಂದರೆ, ನೀರು ಗೋಡೆ ಹತ್ತುವುದು ಹೆಂಗೆ ಎಂದು ಕೇಳುತ್ತವೆ. ಹೊನ್ನಾಳಿಯ ಹೊಳೆಯೂ ಹರಿಹರದ ಕಡೆಗೆ, ಅಂದರೆ ಉತ್ತರಕ್ಕೇ ಹೋಗುತ್ತದಲ್ಲ ಎಂದರೆ, ಅದು ನೆಲದ ಮೇಲೆ ಹೋಗತೈತೆ ಮಿಸ್ ಎನ್ನುತ್ತವೆ. ಅದಕ್ಕೇ ನಾನು ನಕ್ಷೆಯನ್ನು ನೆಲಕ್ಕಿಳಿಸಿದೆ. ಶಾಲೆಯ ಹಳೆಯ ಹೆಂಚಿನ ಹಾಲ್‌ನಲ್ಲಿ ಸೀಮೆಸುಣ್ಣದಿಂದ ಗೋಡೆಯಿಂದ ಗೋಡೆಗೆ ಆಫ್ರಿಕಾ ಬರೆದೆವು. ಗುರುವಾರ ಪ್ರಾಕೃತಿಕ ನಕ್ಷೆ: ಮಕ್ಕಳು ನದಿಯಾಗಿ ಮಲಗಬೇಕು, ಬೆಟ್ಟವಾಗಿ ನಿಲ್ಲಬೇಕು. ಶುಕ್ರವಾರ ರಾಜಕೀಯ ನಕ್ಷೆ: ಒಬ್ಬೊಬ್ಬರು ಒಂದೊಂದು ದೇಶ. ಗುರುವಾರದ ಆಟಕ್ಕೆ ಒಂದೇ ಕಟ್ಟಳೆ ಇತ್ತು. ಸಹಾರಾದಲ್ಲಿ ಯಾರೂ ಕಾಲಿಡಬಾರದು. ಇಟ್ಟವರು ಎಲ್ಲರ ಮುಂದೆ ಹಾಡು ಹೇಳಬೇಕು. ಒಂಬತ್ತನೇ ಕ್ಲಾಸಿನವರಿಗೆ ಹಾಡಿಗಿಂತ ದೊಡ್ಡ ಶಿಕ್ಷೆಯಿಲ್ಲ. ಹಾಲ್‌ನ ಉತ್ತರದ ಅರ್ಧ ಖಾಲಿ ಬಿದ್ದಿತ್ತು.

ದಕ್ಷಿಣದ ಸರೋವರದಲ್ಲಿ ಹುಟ್ಟುವ ನೈಲ್ ಮಾತ್ರ ಆ ಖಾಲಿಯೊಳಗೆ ಹಾಯಬೇಕು. ಅದಕ್ಕೆ ಕ್ಲಾಸಿನ ಅತಿ ಉದ್ದದ ಹುಡುಗಿಯನ್ನು ಆರಿಸಿದ್ದೆ. ನ್ಯಾಮತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರ ಮಗಳು. ಅವಳಿಗೆ ಎರಡು ಜಡೆ. ನೈಲ್ ಸಮುದ್ರ ಸೇರುವಲ್ಲಿ ಎರಡು ಕವಲಾಗುತ್ತದೆ. ತಲೆ ಈಜಿಪ್ಟಿನ ಕಡೆ ಇಟ್ಟು ಜಡೆ ಎರಡನ್ನೂ ಬಿಡಿಸಿ ಹಾಕಿದರೆ ಕವಲು ತಾನೇ ಆಗುತ್ತದೆ ಎಂಬುದು ನನ್ನ ಯೋಜನೆ. ಹಿಂದಿನ ರಾತ್ರಿಯೇ ಹೊಳೆದು, ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ.

ಅವಳು ಒಪ್ಪಲಿಲ್ಲ.

"ನದಿ ನೀರು ಕುಡಿಯಾದು ಸರೋವರದಾಗೆ ಮಿಸ್. ಕುಡಿಯಾಕೆ ಬಾಯಿ ಬೇಕಲ್ಲ, ಕಾಲಿಂದ ಕುಡಿತೈತಾ? ತಲೆ ಸರೋವರದ ಕಡೆನೇ ಇರ್ಬೇಕು."

ಕಾಂಗೋ ನದಿಯಾಗಿ ಬಾಗಿ ಮಲಗಿದ್ದ ಮೂವರು ಹುಡುಗರು ನಕ್ಕರು. ಎಂ.ಎ. ಮಾಡಿದವಳು ಉತ್ತರ ಹೊಳೆಯದಿದ್ದಾಗ ಏನು ಮಾಡುತ್ತಾಳೋ ನಾನೂ ಅದನ್ನೇ ಮಾಡಿದೆ: ಬೈದೆ. ಹೇಳಿದಷ್ಟು ಮಾಡು ಎಂದೆ. ಅವಳು ತಲೆಯನ್ನು ಈಜಿಪ್ಟಿಗೆ ಹಾಕಿ ಮಲಗಿದಳು. ನಾನು ಕಾಂಗೋವನ್ನು ಸರಿಪಡಿಸಲು ಹೋದೆ. ಆ ನದಿ ಸಮಭಾಜಕ ವೃತ್ತವನ್ನು ಎರಡು ಸಲ ದಾಟಬೇಕು, ಹುಡುಗರು ಒಂದೇ ಸಲ ದಾಟಿಸಿದ್ದರು. ತಿರುಗಿ ನೋಡಿದರೆ ನೈಲ್ ಸದ್ದಿಲ್ಲದೆ ದಿಕ್ಕು ಬದಲಿಸಿತ್ತು. ತಲೆ ಸರೋವರದ ಹತ್ತಿರ, ಪಾದ ಈಜಿಪ್ಟಿನಲ್ಲಿ, ಕಣ್ಣು ಮುಚ್ಚಿತ್ತು.

ಎಬ್ಬಿಸಿ ತಿರುಗಿಸಲು ಹೊರಟೆ. ನಾಲ್ಕು ಹೆಜ್ಜೆ ಹಾಕಿದ್ದೆ. ಬಾಯಿ ತೆರೆದಿದ್ದೆ.

ಆಗ ಮಾಡಿನ ಮೇಲೆ ಮಂಗಗಳು ಧುಮುಕಿದವು. ದಿನಾ ಅದೇ ಹೊತ್ತಿಗೆ ಬರುತ್ತವೆ, ನಮ್ಮ ಬೆಲ್ಲಿಗಿಂತ ಸರಿಯಾಗಿ. ಬಂದಾಗ ಪಾಠ ನಿಲ್ಲಿಸಿ ಎಲ್ಲರೂ ಮೇಲೆ ನೋಡಿ ಸದ್ದಿನಿಂದಲೇ ಎಷ್ಟಿವೆ ಎಂದು ಎಣಿಸುವುದು ನಮ್ಮ ಶಾಲೆಯ ಪದ್ಧತಿ. ನಾನೂ ನಿಂತೆ. ಆರೋ ಏಳೋ ಎನ್ನುವಷ್ಟರಲ್ಲಿ ಗೆದ್ದಲು ತಿಂದ ತೊಲೆಯೊಂದು ಮುರಿದು, ಹೆಂಚು, ರೀಪು, ವರ್ಷಗಟ್ಟಲೆಯ ಧೂಳು ಎಲ್ಲವೂ ಒಟ್ಟಿಗೆ ಸಹಾರಾದ ಮೇಲೆ ಕುಸಿದವು. ಅಟ್ಲಾಸ್ ಪರ್ವತವಾಗಿದ್ದ ಹುಡುಗಿ ಗೋಡೆಗೆ ಅಂಟಿಕೊಂಡು ಉಳಿದಳು. ಧೂಳು ಇಳಿದಾಗ ನೈಲ್‌ನ ಬಲಗಾಲು ಮೊಣಕಾಲಿನ ಕೆಳಗೆ ಹೆಂಚಿನಡಿ ಇತ್ತು. ಜಡೆ ಎರಡೂ ಹೊರಗಿದ್ದವು.

ಲಗೇಜ್ ಆಟೋದಲ್ಲಿ ನ್ಯಾಮತಿಗೆ, ಅಲ್ಲಿಂದ ಶಿವಮೊಗ್ಗಕ್ಕೆ. ಮೂಳೆ ಮುರಿದಿತ್ತು. ಕೂಡುತ್ತದೆ ಎಂದರು.

ಮುಂದಿನ ವಾರ ನನಗೆ ಸನ್ಮಾನ ಮಾಡಿದರು. ಇದನ್ನು ನಮ್ಮವರು ಮಾತ್ರ ಮಾಡಬಲ್ಲರು. ಶಾಲೆಯ ಮಾಡು ಬಿದ್ದರೂ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಮಕ್ಕಳನ್ನೆಲ್ಲ ಒಂದು ಕಡೆಗೆ ನಿಲ್ಲಿಸಿ, ಹುಡುಗಿಯ ತಲೆಯನ್ನು ಮಾಡು ಬೀಳದ ಕಡೆ ಹಾಕಿಸಿದ ಟೀಚರ ಮುಂದಾಲೋಚನೆಯನ್ನು ಹೆಡ್‌ಮಾಸ್ಟ್ರು ಮೈಕಿನಲ್ಲಿ ಹೊಗಳಿದರು. ಅವಳ ಅಪ್ಪ ಮುಂದೆ ಬಂದು ಕೈಮುಗಿದು, ಮಗಳ ಜೀವ ಉಳಿಸಿದ್ರಿ ಎಂದರು. ನಾನು ಅವರ ಬೆರಳಿಗೆ ಹತ್ತಿದ್ದ ವಾರ್ನಿಷ್ ನೋಡುತ್ತ ನಿಂತೆ. ಅಲ್ಲ ಎನ್ನಲಿಲ್ಲ.

ನಿದ್ದೆ ಬಿಟ್ಟುಹೋಯಿತು. ಕಣ್ಣು ಮುಚ್ಚಿದರೆ ನಾನು ಐದನೇ ಹೆಜ್ಜೆ ಇಡುತ್ತಿದ್ದೆ, ಅವಳು ಎದ್ದು ತಿರುಗಿ ಮಲಗುತ್ತಿದ್ದಳು. ಕೆಲವೊಮ್ಮೆ ಅದು ಗುರುವಾರವಲ್ಲ, ಶುಕ್ರವಾರ. ಲಿಬಿಯಾ, ಅಲ್ಜೀರಿಯಾ, ಚಾಡ್, ನೈಜರ್ ಎಲ್ಲ ಎದೆ ಸೆಟೆಸಿ ತೊಲೆಯ ಕೆಳಗೆ ನಿಂತಿರುತ್ತಿದ್ದವು.

ಅಮ್ಮ ನನ್ನನ್ನು ಜಗಳೂರಿಗೆ, ಅಕ್ಕನ ಮನೆಗೆ ಅಟ್ಟಿದಳು. ಅದು ಆರ್‌ಸಿಸಿ ಮನೆ. ಅಲ್ಲೂ ಫ್ಯಾನಿನ ಕೊಕ್ಕೆ ಎಷ್ಟು ಗಟ್ಟಿ ಎಂದು ನೋಡುತ್ತ ಬಾಗಿಲ ಹೊಸ್ತಿಲ ಬಳಿ ಚಾಪೆ ಹಾಸಿಕೊಂಡೆ. ಮೂರನೆಯ ದಿನ ಅಕ್ಕ ರೊಟ್ಟಿ ಬಡಿಯುತ್ತ, ಮಾಡು ಬಿದ್ದಿದ್ದು ನ್ಯಾಮತಿಯಾಗೆ, ಕಾಲು ಮುರಿದಿದ್ದು ಆ ಹುಡುಗಿದು, ನೀನೇನು ಇಲ್ಲಿ ನಾಯಿ ಹಂಗೆ ಬಾಗಿಲು ಕಾಯ್ತೀಯಲ್ಲೆ ಎಂದಳು. ಅವಳಿಗೆ ಎಲ್ಲ ಹೇಳಿದೆ.

"ನನ್ನ ಮುಂದೆ ಹೇಳಿ ಏನು ಬಂತು?" ಎಂದಳು. "ಹೇಳಬೇಕಾದೋರ ಹತ್ರ ಹೋಗಿ ಹೇಳು."

ಹುಡುಗಿ ಚನ್ನಗಿರಿಯಲ್ಲಿ, ಅಜ್ಜಿಯ ಮನೆಯಲ್ಲಿದ್ದಳು. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಚನ್ನಗಿರಿ. ಆಫ್ರಿಕಾದ ದೇಶಗಳನ್ನು ಕಣ್ಣುಮುಚ್ಚಿ ಬರೆಯುವ ನಾನು ತಪ್ಪು ಬಸ್ಸು ಹತ್ತಿ ಒಮ್ಮೆ ಇಳಿಯಬೇಕಾಯಿತು. ಶಾಲು ಬ್ಯಾಗಿನಲ್ಲಿತ್ತು.

ಅವಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲಿನ ಪ್ಲಾಸ್ಟರ್ ಪಟ್ಟಿಯ ತುಂಬ ಪೆನ್ನಿನಲ್ಲಿ ಗಡಿಗಳನ್ನೆಳೆದು, ಒಂದೊಂದು ದೇಶಕ್ಕೆ ಒಂದೊಂದು ಬಣ್ಣ ಹಚ್ಚಿದ್ದಳು. ಶುಕ್ರವಾರದ ಪಾಠ ತಪ್ಪಿತಲ್ಲ ಅದಕ್ಕೆ, ಎಂದಳು. ರಾಜಕೀಯ ನಕ್ಷೆ ಸರಿಯಾಗಿಯೇ ಇತ್ತು. ಮಡಗಾಸ್ಕರ್‌ಗೆ ಜಾಗ ಸಾಲದೆ ಹೆಬ್ಬೆರಳಿನ ಮೇಲೆ ಹೋಗಿತ್ತು. ಅಪ್ಪನೂ ಅಲ್ಲೇ ಇದ್ದರು. ಅವಳ ನಾನಿ, ತಾಯಿಯ ತಾಯಿ, ಚಹಾ ತಂದಿಟ್ಟರು. ಚಹಾ ಆರುವ ಮೊದಲೇ ಹೇಳಿಬಿಟ್ಟೆ: ನಾನು ಅವಳ ತಲೆಯನ್ನು ಮಾಡು ಬಿದ್ದ ಕಡೆಗೇ ಹಾಕಿಸಿದ್ದೆ, ಅವಳೇ ತಿರುಗಿ ಮಲಗಿದ್ದು, ಮತ್ತೆ ತಿರುಗಿಸಲು ಬರುತ್ತಿದ್ದೆ.

"ಗೊತ್ತು ಮಿಸ್," ಎಂದಳು ಹುಡುಗಿ. "ನಿಮ್ಮ ಚಪ್ಪಲಿ ಸದ್ದು ಕೇಳ್ತಿತ್ತು. ಅದಕ್ಕೇ ನಿದ್ದೆ ಬಂದಂಗೆ ಕಣ್ಣು ಮುಚ್ಚಿದ್ದೆ. ಮಲಗಿದೋರನ್ನ ಎಬ್ಬಿಸಾಕೆ ನಿಮಗೆ ಮನಸು ಬರಲ್ಲ ಅಂತ."

ನಾನು ಬಾಗಿಲ ಕಡೆ ನೋಡಿದೆ. ಅಪ್ಪ ನಾನಿಯ ಕಡೆ ತಿರುಗಿ, "ಇನ್ನು ಇವಳಿಗೆ ದೊಡ್ಡೋರ ಮಾತು ಕೇಳು ಅಂತ ಹೇಳೋದು ಹೆಂಗ್ರೀ?" ಎಂದರು. ನಾನಿ ಹದಿನಾಲ್ಕು ವರ್ಷ ಬೈದದ್ದೆಲ್ಲ ದಂಡವಾಯಿತು ಎಂದು ಗೊಣಗಿದರು. ಶಾಲನ್ನು ಹುಡುಗಿಯ ಹೆಗಲಿಗೆ ಹಾಕಿದೆ. ಅವಳು ಅದನ್ನು ತೆಗೆದು ಕಾಲಿನ ಕೆಳಗೆ ದಿಂಬಿನಂತೆ ಮಡಚಿಟ್ಟುಕೊಂಡಳು.

ಪಟ್ಟಿ ಬಿಚ್ಚಿದ ಮೇಲೆ ಅವಳು ಶಾಲೆಗೆ ಬಂದದ್ದು ಒಂದು ಬುಧವಾರ, ಕಂಕುಳಲ್ಲಿ ಕೋಲು ಹಿಡಿದು. ಅಂದೇ ಉಳಿದಿದ್ದ ರಾಜಕೀಯ ನಕ್ಷೆ ಮಾಡಿದೆವು, ಈ ಸಲ ಬಯಲಿನಲ್ಲಿ, ಬೂದಿಯಲ್ಲಿ ಗೆರೆ ಎಳೆದು. ಯಾವ ದೇಶ ಬೇಕು ಎಂದು ಅವಳನ್ನೇ ಕೇಳಿದೆ. ಈಜಿಪ್ಟ್ ಎಂದಳು. ಅಲ್ಲಿ ಕುರ್ಚಿ ಹಾಕಿಸಿದೆ. ಯಾವ ಕಡೆ ಮುಖ ಮಾಡಿ ಕೂರಬೇಕು ಎಂದು ನಾನು ಹೇಳಲಿಲ್ಲ. ಹನ್ನೊಂದು ನಲವತ್ತಕ್ಕೆ ಮಂಗಗಳು ಬೇವಿನ ಮರಕ್ಕೆ ಬಂದವು. ಎಣಿಸಿದೆವು. ಎಂಟಿದ್ದವು.

ಆ ರಾತ್ರಿ ಹೊನ್ನಾಳಿಯಲ್ಲಿ ಊಟ ಮಾಡಿ, ಬಾಗಿಲ ಬಳಿ ಅಲ್ಲ, ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೇ ಮಲಗಿದೆ. ಎಚ್ಚರವಾದಾಗ ನ್ಯಾಮತಿಯ ಬಸ್ಸು ಹೋಗಿಯಾಗಿತ್ತು.