ತಗದ ಇಡ್ರಿ, ಬರ್ತೇವಿ!

ಕಳೆದ ವಾರ ಇಳಕಲ್ಲಿನಲ್ಲಿ ನಮ್ಮಕ್ಕನ ಅಂಗಡಿಯ ಕಪಾಟಿನ ತುಂಬ ಸೀರೆಗಳಿದ್ದವು. ಮಾರಲು ಮಾತ್ರ ಒಂದೂ ಇರಲಿಲ್ಲ. ಎಲ್ಲವೂ ಯಾರ್ಯಾರದೋ ಹೆಸರಿನಲ್ಲಿ ತೆಗೆದಿಟ್ಟ ಸೀರೆಗಳು!

ಕಾರಣ ನಾನು. ನಾನು ಬರೆದ ಒಂದೇ ಒಂದು ವಾಕ್ಯ. (ಇಷ್ಟು ವರ್ಷ ಅಂಕಣ ಬರೆದು ಒಬ್ಬರನ್ನೂ ಅಲುಗಾಡಿಸಲಾಗದವನು ಒಂದು ವಾಕ್ಯದಿಂದ ಇಡೀ ಅಂಗಡಿಯ ವ್ಯಾಪಾರ ನಿಲ್ಲಿಸಿಬಿಟ್ಟೆ. ಹೆಮ್ಮೆ ಪಡಲೋ ಬೇಡವೋ?)

ಆಗಿದ್ದು ಇಷ್ಟು. ಅಕ್ಕನ ಮಗಳು ವಿದ್ಯಾ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದಿ ಈಗ ತಾಯಿಯ ಜೊತೆ ಅಂಗಡಿ ನೋಡಿಕೊಳ್ಳುತ್ತಾಳೆ. ವಾಟ್ಸಾಪ್‌ನಲ್ಲಿ ಬರುವ ಗಿರಾಕಿಗಳಿಗೆ ಉತ್ತರ ಕೊಡಲು ಒಂದು ಎಐ ಏಜೆಂಟ್ ಮಾಡಿದ್ದಾಳೆ. ಅದರ ಕೈಗೆ ಕೆಲವು ಟೂಲ್ ಕೊಟ್ಟಿದ್ದಾಳೆ. ಒಂದು ಸೀರೆಯ ಫೋಟೊ ಕಳಿಸುತ್ತದೆ. ಇನ್ನೊಂದು ಬೆಲೆ ಹೇಳುತ್ತದೆ. ಮತ್ತೊಂದು ಸೀರೆಯನ್ನು ಗಿರಾಕಿಯ ಹೆಸರಿನಲ್ಲಿ ತೆಗೆದಿಡುತ್ತದೆ. ಯಾವುದನ್ನು ಯಾವಾಗ ಬಳಸಬೇಕು ಎಂದು ಏಜೆಂಟಿಗೆ ತಿಳಿಯುವುದು ಆಯಾ ಟೂಲಿನ ವಿವರಣೆ ಓದಿಯೇ.

"ಮಾಮಾ, ಬರಿಯಾಂವ ನೀ. ವಿವರಣಿ ನೀನ ಬರದ ಕೊಡು" ಎಂದಳು ವಿದ್ಯಾ. "ಅದಕ್ಕ ನಮ್ಮೂರೂ ಗೊತ್ತಿಲ್ಲ, ನಮ್ಮ ಮಂದೀನೂ ಗೊತ್ತಿಲ್ಲ. ನೀ ಬರದದ್ದಷ್ಟ ಗೊತ್ತು."

ಬರೆದೆ. 'ಗಿರಾಕಿ ಸೀರೆ ತೆಗೆದಿಡಲು ಹೇಳಿದಾಗ ಈ ಟೂಲ್ ಬಳಸು.' ಎಷ್ಟು ಸ್ಪಷ್ಟ! ಯಾವ ಸಂಪಾದಕನೂ ಇದರಲ್ಲಿ ಒಂದಕ್ಷರ ಹೊಡೆದುಹಾಕಲಾರ.

ಆದರೆ ನಮ್ಮ ಕಡೆ ಸೀರೆ ಅಂಗಡಿಯಲ್ಲಿ ನಡೆಯುವುದೇನು? ಅಂಗಡಿಯವರು ಗಾದಿಯ ಮೇಲೆ ಸೀರೆ ಮೇಲೆ ಸೀರೆ ಹರವಿರುತ್ತಾರೆ. ಚಹಾ ಬೇರೆ ತರಿಸಿರುತ್ತಾರೆ. ಅಂಥವರಿಗೆ ಬೇಡ ಅನ್ನಲು ಬಾಯಾದರೂ ಹೇಗೆ ಬರಬೇಕು? 'ಇದನ್ನ ತಗದ ಇಡ್ರಿ, ಬರ್ತೇವಿ' ಎಂದು ಚಪ್ಪಲಿ ಮೆಟ್ಟುತ್ತೇವೆ. ಅವರೂ 'ಹೂನ್ರಿ, ಬರ್ರಿ' ಎಂದು ನಗುತ್ತಲೇ ಸೀರೆ ಮಡಚಿ ಅದೇ ಕಪಾಟಿಗೆ ಸೇರಿಸುತ್ತಾರೆ. ಯಾರೂ ತೆಗೆದಿಡುವುದಿಲ್ಲ, ಯಾರೂ ಬರುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಇಷ್ಟು ಚೆಂದದ ವ್ಯವಸ್ಥೆ ಇನ್ನೆಲ್ಲಿದೆ ಹೇಳಿ?

ಏಜೆಂಟಿಗೆ ಇದನ್ನೆಲ್ಲ ಹೇಳಿದವರಾರು? ಪಾಪ, ಅಂದವರಿಗೆಲ್ಲ ತೆಗೆದಿಟ್ಟಿತು.

ವಿಷಯ ತಿಳಿದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಹುನಗುಂದದ ರೇಣುಕಾ ಎಂಬ ಹುಡುಗಿ ತನ್ನ ತಾಯಿಯ ಜೊತೆ ಅಂಗಡಿಯ ಮೆಟ್ಟಿಲು ಹತ್ತಿದಾಗ ನಗು ನಿಂತಿತು. ಅವಳ ಮದುವೆಗೆ ಒಂದೇ ವಾರ ಉಳಿದಿತ್ತು. ಅವಳು ಮೆಚ್ಚಿದ್ದು ಕುಂಕುಮ ಬಣ್ಣದ, ಗೋಪುರಗಳ ಸಾಲಿನಂಥ ತೋಪುತೆನೆ ಸೆರಗಿನ ಸೀರೆ. ಅಂಥದ್ದು ಇದ್ದದ್ದು ಒಂದೇ. ಇನ್ನೊಂದು ನೇಯಿಸಲು ಸಮಯವಿಲ್ಲ. ಏಜೆಂಟ್ ಅವಳಿಗೆ, 'ಕ್ಷಮಿಸಿ, ಇದನ್ನು ಬೇರೆಯವರಿಗೆ ತೆಗೆದಿಡಲಾಗಿದೆ' ಎಂದು ಹೇಳಿಬಿಟ್ಟಿತ್ತು. ಹುಡುಗಿಯ ಕಣ್ಣುಗಳು ಅತ್ತು ಕೆಂಪಗಾಗಿದ್ದವು.

"ಅಂಥಾ ಯಾರಿಗ್ರಿ ತಗದ ಇಟ್ಟೀರಿ?" ಎಂದರು ತಾಯಿ.

ಕಲಾದಗಿಯ ನೀಲವ್ವ ಎಂಬವರಿಗೆ. ಫೋಟೊ ನೋಡಿ, 'ಛಲೋ ಐತಿ. ತಗದ ಇಡ್ರಿ, ಬರ್ತೇವಿ' ಎಂದು ಕಳಿಸಿದ್ದರು.

"ಸುಮ್ನ ಅಂದಿರ್ತಾರ. ಈ ಹುಡುಗಿಗೆ ಕೊಟ್ಟ ಬಿಡು" ಎಂದೆ ಅಕ್ಕನಿಗೆ.

"ತಗದ ಇಟ್ಟೇವಿ ಅಂತ ನಮ್ಮ ಅಂಗಡಿ ಹೆಸರಲೇ ಮೆಸೇಜ್ ಹೋಗೇತಿ. ಮಾತ ಕೊಟ್ಟಂಗ ಆತಲ್ಲ? ಕೇಳದ ನಾ ಕೊಡಂಗಿಲ್ಲ" ಎಂದಳು ಅಕ್ಕ.

ಕೇಳುವುದಾದರೂ ಹೇಗೆ? ನೀವು ಅಂದದ್ದು ಖರೆಯೋ ಸುಮ್ಮನೆಯೋ ಎಂದು ಮರ್ಯಾದಸ್ಥರನ್ನು ಕೇಳಲಾಗುತ್ತದೆಯೇ? ಅಕ್ಕ ಧೈರ್ಯ ಮಾಡಿ ಫೋನ್ ಹಚ್ಚಿದಳು. ಬಾಯಿ ತೆರೆಯುವುದರೊಳಗೆ ಆ ಕಡೆಯಿಂದ, "ಹೊಂಟೇನ್ರಿ, ಬರ್ತೇನಿ!" ಎಂದು ಫೋನ್ ಕಟ್ಟಾಯಿತು.

ಈಗ ಇದಕ್ಕೇನರ್ಥ? ಖರೇನೇ ಹೊರಟಿದ್ದಾರೋ?

ಹೊರಟಿದ್ದರು! ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಾ ನೀಲವ್ವ ಬಂದೇಬಿಟ್ಟರು. ಕೂತು ನೀರು ಕುಡಿದವರೇ ಹೇಳಿದರು: "ಖರೆ ಹೇಳ್ತೇನ್ರಿ, ನಾ ಅವತ್ತ ಸುಮ್ನ ಅಂದಿದ್ನಿ. ಆಮ್ಯಾಲ ನಿಮ್ಮ ಅಂಗಡಿಯಿಂದ ಮೆಸೇಜ್ ಬಂತು, ನಿಮ್ಮ ಸೀರಿ ತಗದ ಇಟ್ಟೇವಿ, ನಿಧಾನಕ್ಕ ಬರ್ರಿ ಅಂತ. ತಿಳಿವಳಿಕಿ ಬಂದಾಗಿಂದ ಎಷ್ಟ ಅಂಗಡ್ಯಾಗ ಹಂಗ ಅಂದೇನಿ. ನನಗಂತ ಖರೇನ ತಗದ ಇಟ್ಟವ್ರು ನೀವೊಬ್ರ ನೋಡ್ರಿ. ಬರಲಿಲ್ಲಂದ್ರ ಹೆಂಗ?"

ರೇಣುಕಾ ತಲೆ ತಗ್ಗಿಸಿ ಕೂತಿದ್ದಳು. ಅಕ್ಕ ಮೆಲ್ಲಗೆ ಎಲ್ಲವನ್ನೂ ಹೇಳಿದಳು.

ನೀಲವ್ವ ಸೀರೆಯನ್ನು ಕೈಗೆತ್ತಿಕೊಂಡರು. ಒಮ್ಮೆ ದಡಿಯ ಮೇಲೆ ಕೈಯಾಡಿಸಿದರು. ಆಮೇಲೆ ಎದ್ದು ಹೋಗಿ ಸೆರಗನ್ನು ರೇಣುಕಾಳ ಹೆಗಲಿಗೆ ಹೊದಿಸಿ ಕನ್ನಡಿಯತ್ತ ತಿರುಗಿಸಿದರು.

"ನೋಡ ಯವ್ವಾ, ಎಷ್ಟ ಒಪ್ಪತೈತಿ ನಿನಗ! ನೀನ ಉಟ್ಕೋ" ಎಂದರು.

ಹುಡುಗಿ ನಗುತ್ತಾ ಅಳುತ್ತಾ ಅವರ ಕಾಲಿಗೆ ಬಿದ್ದಳು. ಅವಳ ತಾಯಿ ನೀಲವ್ವನ ಕೈ ಹಿಡಿದವರು ಬಿಡಲೇ ಇಲ್ಲ. ನನಗಂತೂ ಕುಣಿಯುವಷ್ಟು ಖುಷಿ. ನೀಲವ್ವ ತಮಗೊಂದು ಹಸಿರು ಸೀರೆ ಆರಿಸಿಕೊಂಡು, ಈ ಸಲ ಖರೇನೇ ಕೊಂಡು, ಸಂಜೆಯ ಬಸ್ಸಿಗೆ ಹೋದರು.

ನಾನೂ ವಿದ್ಯಾಳೂ ವಿವರಣೆ ತಿದ್ದಲು ಕೂತೆವು. ಟೂಲ್ ಏನು ಮಾಡುತ್ತದೆ ಎಂದು ಬರೆಯುವುದು ಸುಲಭ. ಅದನ್ನು ಯಾವಾಗ ಮುಟ್ಟಬಾರದು ಎಂದು ಬರೆಯುವುದಿದೆಯಲ್ಲ, ಅಲ್ಲಿ ನಮ್ಮ ಇಡೀ ಸೀಮೆಯ ಮಂದಿಯನ್ನು ವಿವರಿಸಬೇಕು! ಕೊನೆಗೆ ಹೀಗೆ ಬರೆದೆವು: 'ತೆಗೆದಿಡಿ ಎಂದ ಮಾತ್ರಕ್ಕೆ ಈ ಟೂಲ್ ಬಳಸಬೇಡ. ಯಾರ ಕಾರ್ಯಕ್ಕೆ, ಯಾವತ್ತು ಬರುತ್ತೀರಿ ಎಂದು ಕೇಳು. ಉತ್ತರ ಬಂದರೆ ಮಾತ್ರ ತೆಗೆದಿಡು. ಬರದಿದ್ದರೆ, ಹೂನ್ರಿ, ಬರ್ರಿ ಎಂದು ಸುಮ್ಮನಾಗು.'

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. "ಈಗ ಬರೋಬ್ಬರಿ ಆತು" ಎಂದಳು. ಕನ್ನಡಕ ತೆಗೆದು ಮಡಚುತ್ತಾ, "ನೀಲವ್ವಗ ಮಾತ್ರ ಹಳೇದ ಇರ್ಲಿ. ಅಕಿ ಸುಮ್ನ ಅಂದ್ರೂ ತಗದ ಇಡ್ಲಿ" ಎಂದಳು.

"ಯಾಕಂತ ಬರೀಲಿ ಮಾಮಾ? ಕಾರಣ ಬರೀದಿದ್ರ ಅದಕ್ಕ ತಿಳಿಯೂದಿಲ್ಲ" ಎಂದು ವಿದ್ಯಾ ನನ್ನ ಮುಖ ನೋಡುತ್ತಿದ್ದಾಳೆ.

ಏನಂತ ಬರೆಯಲಿ, ನೀವೇ ಹೇಳಿ?