ಮಾಲೀಕರ ಕಾರು ಹತ್ತದ ಗುರುಬಾಯಿಯವರು

ಹೈದರಾಬಾದಿನಲ್ಲಿ ಕಾರ್ಖಾನೆ ಕಾರ್ಮಿಕರ ಸುರಕ್ಷತೆಗಾಗಿ ದುಡಿದವರನ್ನು ನೆನೆಯುವಾಗ, ದೊಡ್ಡ ಹುದ್ದೆಗೇರದಿದ್ದರೂ ಬಿಟ್ಟು ಮುಂದೆ ಹೋಗಲಾಗದ ಹೆಸರು ಶ್ರೀಮತಿ ಗುರುಬಾಯಿಯವರದು. ತೆಲಂಗಾಣ ರಾಜ್ಯವಾದ ಮರುವರ್ಷ, ಚೈತ್ರ ಕಳೆದು ಬಿಸಿಲು ಏರಿದ್ದ ದಿನಗಳಲ್ಲಿ, ಒಂದು ಮುಂಜಾನೆ ಕಚೇರಿ ತೆರೆಯುವ ಹೊತ್ತಿಗೆ ಅವರು ಸಿಕಂದರಾಬಾದಿಗೆ ಕಾರ್ಖಾನೆಗಳ ಇನ್ಸ್‌ಪೆಕ್ಟರಾಗಿ ಬಂದರು. ಕಾರ್ಖಾನೆಗಳಿರುವ ಕುಷಾಯಿಗೂಡದ ಕಡೆ ಹೋಗಬೇಕು, ಜೀಪು ಎಲ್ಲಿ ಎಂದು ಕೇಳಿದರು.

“ಜೀಪ್ ಐತ್ರಿ ಮೇಡಮ್ಮರ, ಡೀಸೆಲ್ ಇಲ್ಲ. ಡೀಸೆಲ್ ಬಂದಾಗ ಡ್ರೈವರ್ ಇರಂಗಿಲ್ಲ,” ಎಂದರು ಅಟೆಂಡರ್ ಅಮರಯ್ಯನವರು. “ಫಿಕರ್ ಮಾಡಬ್ಯಾಡ್ರಿ. ಫೋನ್ ಹಚ್ಚಿದ್ರ ಸೇಠ್‌ಗಳ ಕಾರೇ ಬರ್ತೈತಿ.”

ಅದೇ ಅಲ್ಲಿನ ವಾಡಿಕೆ. ಯಾರ ಕಾರ್ಖಾನೆಯನ್ನು ನೋಡಬೇಕೋ ಅವರೇ ಕಾರು ಕಳಿಸುವುದು, ನೋಡುವವರು ಅದರಲ್ಲೇ ಹೋಗಿಬರುವುದು. ಹೊಸಬರಾದ ಗುರುಬಾಯಿಯವರೂ ಹಾಗೆಯೇ ಹೋದರು. ತಗಡು ಒತ್ತುವ ಆ ಕಾರ್ಖಾನೆಯಲ್ಲಿ, ಕೈ ಒಳಹೋಗದಂತೆ ಯಂತ್ರಗಳಿಗೆ ಕಬ್ಬಿಣದ ಜಾಲಿ ಇತ್ತು. ಬಣ್ಣ ಇನ್ನೂ ಹಸಿಯಾಗಿತ್ತು. ಎಲ್ಲ ಸರಿಯಿದೆ ಎಂದು ಬರೆದು ಬಂದರು.

ಕೆಲವೇ ದಿನಗಳಲ್ಲಿ, ಸೇಡಂ ಕಡೆಯಿಂದ ದುಡಿಯಲು ಬಂದಿದ್ದ ಗುಂಡಮ್ಮ ಬಲಗೈಗೆ ಬಟ್ಟೆ ಸುತ್ತಿಕೊಂಡು ಕಚೇರಿಗೆ ಬಂದಳು. ಎರಡು ಬೆರಳು ಹೋಗಿದ್ದವು.

“ನೀವು ಬರೂಕಿಂತ ಮೊದ್ಲ ಜಾಲಿ ಹಾಕಿದ್ರು, ಹೋದ ಮ್ಯಾಲೆ ತಗದ್ರು. ಅದಿದ್ರ ಕೆಲಸ ಓಡಂಗಿಲ್ಲಂತ. ಅವರ ಕಾರಿನಾಗ ಬಂದ್ರಲ್ಲ ಅಕ್ಕಾರ, ಡಂಗುರ ಹೊಡಕೊಂತ ಬಂದಂಗ ಆತು. ನನ್ನ ಬೆರಳು ಹೋದ್ವು, ಹೋಗ್ಲಿ. ನನ್ನ ಮಗಳು ಗುಣವತಿ ಈಗ ಅದ ಮಿಷನ್ ಮುಂದ ಕುಂದರಾಕತ್ತಾಳ.”

ಗುರುಬಾಯಿಯವರು ಆ ಕೈ ಮಾಯುವತನಕ, ತಮ್ಮ ರಜೆ ಹಾಕಿ, ಆಸ್ಪತ್ರೆಯ ಸಾಲಿನಲ್ಲಿ ಗುಂಡಮ್ಮನ ಪಕ್ಕ ನಿಂತರು. ಮಾಲೀಕರ ಕಾರನ್ನು ಮತ್ತೆ ಹತ್ತಲಿಲ್ಲ. ತಾರ್ನಾಕದ ಮನೆಯಿಂದ ಬಸ್ಸು, ಆಮೇಲೆ ಷೇರ್ ಆಟೋ, ಕೊನೆಗೆ ಧೂಳಿನಲ್ಲಿ ನಡಿಗೆ. ಹೀಗೆ ಯಾರಿಗೂ ಸುಳಿವು ಕೊಡದೆ ಹೋಗುತ್ತಿದ್ದರು. ಜಾಲಿಗಿಂತ ಮೊದಲು ಅದರ ಬೋಲ್ಟು ನೋಡುತ್ತಿದ್ದರು. ಹಳೆಯ ಜಿಡ್ಡು ಕೂತಿದ್ದರೆ ಜಾಲಿ ಬಿಚ್ಚಿಲ್ಲ ಎಂದರ್ಥ; ಹೊಳೆಯುತ್ತಿದ್ದರೆ ಈಗಷ್ಟೇ ಬಿಗಿದದ್ದು. ಅಂಥ ಯಂತ್ರವನ್ನು ನಿಲ್ಲಿಸಿಯೇ ಹೊರಬರುತ್ತಿದ್ದರು. ಗುಣವತಿಯ ಯಂತ್ರ ಹಾಗೆ ಎರಡು ಸಲ ನಿಂತಿತು.

ಆದರೆ ಬಸ್ಸಿನಲ್ಲಿ ತಿರುಗುವವರಿಗೆ ದಿನಕ್ಕೆ ಒಂದು ಕಾರ್ಖಾನೆ ಮುಗಿದರೆ ಹೆಚ್ಚು.

“ಏನ್ರಿ ಗುರುಬಾಯಿಯವ್ರ, ಬಸ್ ಪಾಸ್ ವಸೂಲ್ ಮಾಡಾಕತ್ತೀರೇನು?” ಎಂದು ಮೇಲಧಿಕಾರಿ ಹಣಮಂತರಾಯರು ಚುಚ್ಚಿದರು.

“ಜೀಪ್ ಕೊಡ್ರಿ ಸರ್, ನಾಲ್ಕು ನೋಡ್ತೀನಿ.”

“ನನಗ ಯಾರರ ಕೊಟ್ರ ನಿಮಗ ಕೊಡ್ತೀನ್ರಿ!”

ಇಬ್ಬರೂ ನಕ್ಕರು, ಜೀಪಿಗಾಗಿ ಮನವಿ ಮತ್ತೆ ಮೇಲಕ್ಕೆ ಹೋಯಿತು, ಉತ್ತರ ಬರಲಿಲ್ಲ. ಜೊತೆಯವರು ಒಬ್ಬೊಬ್ಬರಾಗಿ ನಿವೃತ್ತರಾದರು, ಜಾಗ ತುಂಬಲಿಲ್ಲ, ಅವರ ಪ್ರದೇಶಗಳೂ ಇವರ ಹೆಗಲಿಗೇ ಬಂದವು. ಮೊಣಕಾಲು ಸೋತವು. ಕುಷಾಯಿಗೂಡದ ಸರದಿ ತಡವಾಗುತ್ತಾ ಹೋಯಿತು.

ಸೇವೆಯ ಕೊನೆಯ ವಾರ ಅಲ್ಲಿಗೆ ಹೋದಾಗ ಜಾಲಿ ಇತ್ತು, ಗುಣವತಿಯ ಹತ್ತೂ ಬೆರಳು ಇದ್ದವು.

“ಇನ್ನ ಮುಂದ ಯಾರು ಬರ್ತಾರ್ರಿ, ಅತ್ತೀ?” ಎಂದು ಅವಳು ಕೇಳಿದಳು.

“ಯಾರನ್ನೂ ಹಾಕಿಲ್ಲವ್ವಾ. ಜಾಲಿ ತಗದ್ರ ತಾರ್ನಾಕಕ್ಕ ಬಾ, ಮನಿ ಐತಲ್ಲ. ಆಫೀಸಿಗೆ ದೂರು ನಾನ ಬರ್ದು ಕಳಸ್ತೀನಿ.”

ದಣಿದ ಆ ಕಾಲುಗಳಿಗೆ ವಿಶ್ರಾಂತಿ ಸಿಗಲಿ, ಆಯುಷ್ಯ ದೀರ್ಘವಾಗಲಿ, ಬಾಗಿಲು ತಟ್ಟಿದವರಿಗಾಗಿ ಬರೆಯುವ ಕೈ ಗಟ್ಟಿಯಾಗಿರಲಿ ಎಂಬುದು ಎಲ್ಲರ ಹಾರೈಕೆ. ಜೂನ್ ಮೂವತ್ತು, ಸೋಮವಾರ ಸಂಜೆ ಗುರುಬಾಯಿಯವರು ಕಚೇರಿಯಿಂದ ಹೊರಟರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.