ಪಕ್ಕೆಲುಬಿನ ಮೇಲಿಟ್ಟ ಬೆರಳು

ಅವಳು ಲಿಥುವೇನಿಯಾದವಳು. ಚಳಿಗಾಲದಲ್ಲಿ ಅವಳ ಊರಿನ ಕೆರೆಗಳು ಹೆಪ್ಪುಗಟ್ಟುತ್ತಿದ್ದವು. ಹಾಗಾಗಿ ಪ್ರತಿವರ್ಷ ಮೂರು ತಿಂಗಳು ಅಬುಧಾಬಿಗೆ ಬಂದು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಯಲ್ಲಿ ದೋಣಿಗೆ ಹುಟ್ಟು ಹಾಕಿ ಪಂದ್ಯಗಳಿಗೆ ಅಭ್ಯಾಸ ಮಾಡುತ್ತಿದ್ದಳು. ಉಡುಪಿ ಕಡೆಯಿಂದ ಬಂದು ದುಬೈಯಲ್ಲಿ ನೆಲೆಸಿದ ಫಿಸಿಯೋಥೆರಪಿಸ್ಟ್ ನಾನು. ಅವಳ ಬೆನ್ನು, ಭುಜ ನೋಡಿಕೊಳ್ಳುವ ಕೆಲಸ ನನ್ನದು. ಹನ್ನೆರಡನೇ ವಯಸ್ಸಿಗೇ ದೋಣಿ ಹತ್ತಿದವಳು. ಬಸ್ ಓಡಿಸುವ ಅಪ್ಪ ಬೆಳಗಿನ ಪಾಳಿಗೆ ಹೋಗುವ ಮೊದಲು ಕೆರೆದಂಡೆಯಲ್ಲಿ ಬಿಟ್ಟು ಹೋಗುತ್ತಿದ್ದರಂತೆ. ಕಿರಿಯರ ಪಂದ್ಯಗಳಲ್ಲಿ ಪದಕ, ಆಮೇಲೆ ರಾಷ್ಟ್ರೀಯ ತಂಡ. ಎರಡು ಸಲ ಒಲಿಂಪಿಕ್ಸ್ ಕೂದಲೆಳೆಯಲ್ಲಿ ತಪ್ಪಿತ್ತು. ವಯಸ್ಸು ಮೂವತ್ತೆರಡು ದಾಟಿತ್ತು; ಈ ಮೂರನೆಯದೇ ಕೊನೆಯ ಪ್ರಯತ್ನ ಎಂದು ಅವಳೇ ಹೇಳಿದ್ದಳು.

ಆ ಚಳಿಗಾಲ ನಾನೂ ದೊಡ್ಡ ಜನ ಆಗಿಬಿಟ್ಟಿದ್ದೆ. ದುಬೈಯ ಕರಾಮದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಾ, "ಒಲಿಂಪಿಕ್ಸಿಗೆ ಹೋಗುವವಳ ಬೆನ್ನು ನನ್ನ ಕೈಯಲ್ಲುಂಟು ಮಾರಾಯ" ಎಂದು ಊರಿನವರ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. "ಸಾಕು ಮಾರಾಯ್ರೆ, ಹುಟ್ಟು ಹಾಕುದು ಅವಳು, ನೀವಲ್ಲ" ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು.

ಅರ್ಹತಾ ಪಂದ್ಯಕ್ಕೆ ಹನ್ನೊಂದು ವಾರ ಇರುವಾಗ ಅವಳು ಬಂದು, ಬೆನ್ನಲ್ಲಿ ಭುಜದ ಕೆಳಗೆ ಚುಚ್ಚುತ್ತದೆ, ಸೀನಿದರೆ ಜೀವ ಹೋಗುತ್ತದೆ ಅಂದಳು. ಪಕ್ಕೆಲುಬಿನ ಮೇಲೆ ಒಂದು ಬೆರಳಿಟ್ಟು ಒತ್ತಿದೆ. ಹಾರಿಬಿದ್ದಳು. ಹುಟ್ಟು ಎಳೆದೆಳೆದು ಎಲುಬಿನಲ್ಲಿ ಸಣ್ಣ ಬಿರುಕು ಬಿಡುವುದು ಈ ಆಟದವರಿಗೆ ಬರುವ ತೊಂದರೆ. ಮಾಂಸಖಂಡದ ನೋವು ಹರಡಿಕೊಂಡಿರುತ್ತದೆ, ಎಲುಬಿನದು ಹೀಗೆ ಒಂದೇ ಜಾಗದಲ್ಲಿ. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಅವತ್ತಿನಿಂದಲೇ ಆರು ವಾರ ದೋಣಿ ಮುಟ್ಟದಿದ್ದರೆ ಎಲುಬು ಕೂಡಿಕೊಂಡು, ತಯಾರಿಗೆ ಇನ್ನೂ ಐದು ವಾರ ಉಳಿಯುತ್ತಿತ್ತು.

"ಮಾಂಸಖಂಡ ತಾನೇ?" ಎಂದು ಕೇಳಿದಳು. ಎಲುಬು ಅಂದರೆ ಸ್ಕ್ಯಾನ್, ಸ್ಕ್ಯಾನ್ ಅಂದರೆ ತಂಡದ ವೈದ್ಯರು. ಅವಳನ್ನು ಊರಿಗೆ ಕರೆಸಿಕೊಳ್ಳುತ್ತಾರೆ, ನನ್ನ ದೊಡ್ಡಸ್ತಿಕೆ ಖಲಾಸ್.

"ಮಾಂಸಖಂಡವೇ," ಅಂದೆ. ಥೂ, ನನ್ನ ಜನ್ಮಕ್ಕಿಷ್ಟು! ಮಾಂಸಖಂಡದ ನೋವಿಗೆ ಹಾಕುವ ನೀಲಿ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ ಕಳಿಸಿದೆ.

ಹನ್ನೆರಡನೇ ದಿನ ಕಾಲುವೆಯ ನಡುವೆ ಎಲುಬು ಮುರಿಯಿತು. ಹುಟ್ಟುಗಳ ಮೇಲೇ ಬಾಗಿ ಕುಳಿತವಳನ್ನು ಕೋಚ್ ಮೋಟಾರು ದೋಣಿಯಲ್ಲಿ ದಡಕ್ಕೆ ತಂದರು. ಪಂದ್ಯ ಹೋಯಿತು, ಅದರೊಂದಿಗೆ ಅವಳ ಆಟವೂ ಮುಗಿಯಿತು. "ಏಕಾಏಕಿ ಮುರಿದರೆ ನೀವೇನು ಮಾಡ್ತೀರಿ?" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಹೌದೆಂಬಂತೆ ತಲೆಯಾಡಿಸಿದೆ.

ಈಗ ಅವಳು ದುಬೈಯಲ್ಲೇ ಮಕ್ಕಳಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಾಳೆ. ಯಾರಿಗೆ ನೋವಾದರೂ ನನ್ನ ಬಳಿಗೇ ಕಳಿಸುತ್ತಿದ್ದಳು.  ಕಳೆದ ತಿಂಗಳು ಹದಿನಾರರ ಹುಡುಗಿಯೊಬ್ಬಳನ್ನು ತಾನೇ ಕರೆತಂದಳು. ಅದೇ ಜಾಗದ ನೋವು. ಒಂದು ಬೆರಳಿಟ್ಟು ಒತ್ತಿದೆ, ಹುಡುಗಿ ಹಾರಿದಳು.

"ಎಲುಬು. ಇವತ್ತಿನಿಂದಲೇ ದೋಣಿ ಬೇಡ, ಸ್ಕ್ಯಾನ್ ಮಾಡಿಸಿ," ಅಂದೆ.

"ಬೆರಳಲ್ಲೇ ಗೊತ್ತಾಗ್ತದಾ?" ಅಂದಳು ಅವಳು.

"ಹೆಚ್ಚಾಗಿ ಗೊತ್ತಾಗ್ತದೆ."

ಅವಳ ಕೈ ತನ್ನ ಬೆನ್ನಿಗೆ ಹೋಯಿತು. "ನನಗೂ ಹೀಗೇ ಒತ್ತಿದ್ರಿ."

"ಹೌದು," ಅಂದೆ. "ನನಗೆ ಅವತ್ತೇ ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹುಡುಗಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೊರಟಳು. "ಥ್ಯಾಂಕ್ಯೂ ಅಂಕಲ್" ಎಂದದ್ದು ಹುಡುಗಿ ಮಾತ್ರ. ಆಮೇಲೆ ಅವಳ ಕಡೆಯಿಂದ ಒಂದು ಮಗುವೂ ನನ್ನ ಬಳಿಗೆ ಬಂದಿಲ್ಲ.